ಗಂಗಾಂಬಿಕೆ ಬಡಿಸಿದ ಗಾಳಿ

ಗುಬ್ಬಿಯ ಗಂಗಾಂಬಿಕೆಯ ಪಂಕ್ತಿಯಲ್ಲಿ ಕೂತು ಉಂಡವರು ತಮ್ಮ ಕಾಲ ಮೇಲೆ ತಾವೇ ಎದ್ದುಹೋದದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಗೋಡೆ ಹಿಡಿದು ಎದ್ದವರಿದ್ದರು, ಪಕ್ಕದವನ ಹೆಗಲು ಹಿಡಿದು ಎದ್ದವರಿದ್ದರು. ಏಳಲಾರದೆ ಅಲ್ಲೇ ಕಂಬಕ್ಕೆ ಒರಗಿ, ಸಂಜೆಯ ಕಾಫಿಯನ್ನೂ ಅಲ್ಲೇ ಕುಡಿದು, ರಾತ್ರಿಯ ಊಟಕ್ಕೂ ಸಿಕ್ಕಿಬಿದ್ದವರಿದ್ದರು. ಒಮ್ಮೆ ಸರ್ಕಾರಿ ಬಸ್ಸಿನ ಕಂಡಕ್ಟರೊಬ್ಬರು ಯಾವುದೋ ನಾಮಕರಣಕ್ಕೆ ಬಂದು ಆಕೆಯ ಕೈಗೆ ಸಿಕ್ಕಿ, ಉಂಡು, ಹಾಗೇ ಡ್ಯೂಟಿಗೆ ಹೋದರಂತೆ. ಅವರು ನಿಂತ ಕಡೆಗೆ ಬಸ್ಸು ವಾಲಿಕೊಂಡೇ ನಿಟ್ಟೂರು ಮುಟ್ಟಿತು, ಡ್ರೈವರು ಇಳಿದು ಟೈರು ಪಂಚರ್ ಆಗಿದೆಯೇನೋ ಎಂದು ಒದ್ದು ನೋಡಿದ ಎಂದು ಈಗಲೂ ಹೇಳುತ್ತಾರೆ. ಬಸ್ಸು ವಾಲಿದ್ದು ಸುಳ್ಳಿರಬಹುದು. ಕಂಡಕ್ಟರು ಉಂಡದ್ದು ನಿಜ.

ಆಕೆಯ ತವರು ಕುಣಿಗಲ್. ಯಡಿಯೂರಿನ ದಾಸೋಹದಲ್ಲಿ ಅಪ್ಪ ಸೇವೆಗೆ ನಿಲ್ಲುತ್ತಿದ್ದುದರಿಂದ, ಲಂಗದ ವಯಸ್ಸಿನಲ್ಲೇ ಉಪ್ಪಿನ ಬಟ್ಟಲು ಹಿಡಿದು ಎಲೆಯಿಂದ ಎಲೆಗೆ ಬಗ್ಗಿದವಳು. ಬಡಿಸುವವರ ಲೋಕದಲ್ಲಿ ಬಡ್ತಿ ಸುಮ್ಮನೆ ಸಿಗುವುದಿಲ್ಲ. ಉಪ್ಪಿನಿಂದ ಉಪ್ಪಿನಕಾಯಿಗೆ, ಅಲ್ಲಿಂದ ಪಲ್ಯಕ್ಕೆ, ಪಲ್ಯದಿಂದ ಅನ್ನಕ್ಕೆ. ತುಪ್ಪದ ಮಿಳ್ಳೆ ಕೈಗೆ ಬರುವ ಹೊತ್ತಿಗೆ ಕೆಲವರ ತಲೆಯೇ ನೆರೆತಿರುತ್ತದೆ. ಗಂಗಾಂಬಿಕೆಗೆ ಮದುವೆಗೆ ಮುಂಚೆಯೇ ಮಿಳ್ಳೆ ಬಂದಿತ್ತು. ಅದರ ಜೊತೆಗೆ ಒಂದು ಕಾನೂನೂ ಬಂದಿತ್ತು.

“ಮೊದಲ್ನೇ ಸಾಕು ಮರ್ಯಾದೆಗೆ ಅನ್ನೋದು. ಎರಡನೇದು ನಾಚಿಕೆಗೆ. ಮೂರನೇದು ಪಕ್ಕದೆಲೆಯವ್ನು ನೋಡ್ತಾನೆ ಅಂತ. ನಾಲ್ಕನೇ ಸಲಾನೂ ಸಾಕು ಅಂದ್ರೆ, ಆಗ ಇನ್ನೊಂದು ಹಾಕಿ ಆಮೇಲೆ ಯೋಚ್ನೆ ಮಾಡಾಣ,” ಎಂದು ಹೊಸದಾಗಿ ಬಡಿಸಲು ಬಂದ ಹೆಣ್ಣುಮಕ್ಕಳಿಗೆ ಆಕೆ ಪಾಠ ಹೇಳುತ್ತಿದ್ದಳು. ಸಾಕು ಎಂದವರ ಮಾತು ನಂಬಿ ಸೌಟು ಹಿಂದೆಗೆದುಕೊಂಡರೆ ಅದು ಆಕೆಯ ಲೆಕ್ಕದಲ್ಲಿ ಬೈದು ಕಳಿಸಿದ ಹಾಗೆ.

ಈ ಕಾನೂನನ್ನು ಮುರಿಯಬಲ್ಲ ಗಂಡಸು ಭೂಮಿಯ ಮೇಲೆ ಒಬ್ಬನೇ ಇದ್ದ, ಅವನನ್ನೇ ಅವಳು ಕಟ್ಟಿಕೊಂಡಿದ್ದಳು.

ಮಹಾದೇವಯ್ಯ ಗುಬ್ಬಿಯ ಪೇಟೆ ಬೀದಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದವರು. ಗಂಡನ ನಿಜವಾದ ಬಣ್ಣ ಯಾವುದೆಂದು ತಿಳಿಯಲು ಗಂಗಾಂಬಿಕೆ ಮೊದಲ ಯುಗಾದಿಯ ಎಣ್ಣೆಸ್ನಾನದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಹಿಟ್ಟಿನದೇ ಬಣ್ಣ. ಅವರು ಒಂದು ಸಲ ಜೋರಾಗಿ ಸೀನಿದರೆ ಪಕ್ಕದ ಮನೆಯವರು ಅಂದಿನ ಎರಡು ರೊಟ್ಟಿಗೆ ಹಿಟ್ಟು ಕೂಡಿಸಿಕೊಳ್ಳುತ್ತಿದ್ದರು. ರಾಗಿಯ ದಿನ ಕಪ್ಪು ಕೆಮ್ಮು, ಅಕ್ಕಿಯ ದಿನ ಬಿಳಿ ಕೆಮ್ಮು. ಅದು ಸಾಲದೆಂಬಂತೆ ಬೀಡಿ ಬೇರೆ.

ಮದುವೆಯಾದ ವರ್ಷ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಮಹಾದೇವಯ್ಯ ಎರಡೂ ಕೈಗಳನ್ನು ಎಲೆಯ ಮೇಲೆ ಹರಡಿ, ಕೋಳಿ ತನ್ನ ಮರಿಗಳ ಮೇಲೆ ಕೂತಂತೆ ಬಗ್ಗಿ, “ಹಾಕೋದಾದ್ರೆ ಕೈ ಮೇಲೇ ಹಾಕು” ಎಂದರು. ಗಂಗಾಂಬಿಕೆ ಹಾಕಿದಳು. ಬಿಸಿ ಪಾಯಸ. ಎಡಗೈ ಹಿಂಬದಿಯಲ್ಲಿ ಒಂದು ರೂಪಾಯಿ ಅಗಲದ ಕಲೆ ಉಳಿಯಿತು. ಮಿಲ್ಲಿಗೆ ಬಂದ ಗಿರಾಕಿಗಳಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು: “ನೋಡ್ರಪ್ಪ, ನಮ್ಮನೆಯವ್ಳು ಪ್ರೀತಿ ಮಾಡಿರೋ ಗುರ್ತು. ಇನ್ನೂ ಜಾಸ್ತಿ ಪ್ರೀತಿ ಮಾಡಿದ್ದಿದ್ರೆ ಕೈಯೇ ಇರ್ತಿರ್ಲಿಲ್ಲ.” ಅಂದಿನಿಂದ ಆ ಎರಡು ಕೈ ಎಲೆಯ ಮೇಲೆ ಬಂದರೆ ಗಂಗಾಂಬಿಕೆ ನಗುತ್ತಿದ್ದಳು, ನಕ್ಕು ಬೆರಳ ಸಂದಿಯಲ್ಲಿ ಒಂದು ಚಮಚವಾದರೂ ಇಳಿಸುತ್ತಿದ್ದಳು. ಬೇರೆ ಗಂಡ ಹೆಂಡಿರು ಏನೇನೋ ಮಾತಾಡಿಕೊಳ್ಳುತ್ತಾರೆ. ಇವರದು ಹೀಗೆ.

ಮಕ್ಕಳಾಗಲಿಲ್ಲ. ಊರೇ ಉಣ್ಣಲು ಬರುತ್ತಿದ್ದುದರಿಂದ ಮನೆ ಖಾಲಿ ಎನಿಸಲೂ ಇಲ್ಲ.

ಮಿಲ್ಲು ಮಾರಿದ ಮೇಲೆ ಹಿಟ್ಟು ಹೊರಗೆ ಹೋಯಿತು, ಕೆಮ್ಮು ಹೋಗಲಿಲ್ಲ. ಮೊದಲು ಮಹಡಿ ಮೆಟ್ಟಿಲು ಬಿಟ್ಟರು, ಆಮೇಲೆ ಪೇಟೆಗೆ ಹೋಗುವುದು ಬಿಟ್ಟರು. ಕಡೆಗೆ ಬಚ್ಚಲಿಗೆ ಹೋಗಿಬಂದರೆ ಬೆಂಗಳೂರಿಗೆ ನಡೆದು ಹೋಗಿಬಂದವರ ಹಾಗೆ ಕೂರುತ್ತಿದ್ದರು. ತುಮಕೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು, ಡಾಕ್ಟರಮ್ಮ ಮನೆಗೆ ಕಳಿಸುವಾಗ ಹೇಳಿದರು:

“ಇನ್ಮೇಲೆ ಮನೇಲೇ ಆಕ್ಸಿಜನ್ ಬೇಕಾಗುತ್ತಮ್ಮ. ಮೆಷೀನ್ ಬಾಡಿಗೆಗೆ ಸಿಗುತ್ತೆ. ಒಂದೇ ಮಾತು ನೆನಪಿಟ್ಕೊಳ್ಳಿ. ಎರಡು ಲೀಟರ್ ಸಾಕು. ಇವರಿಗೆ ಜಾಸ್ತಿ ಒಳ್ಳೇದಲ್ಲ.”

ಗಂಗಾಂಬಿಕೆ ತಲೆಯಾಡಿಸಿದಳು. ಅವಳ ಕಿವಿಗೆ ಬಿದ್ದದ್ದು ‘ಸಾಕು’. ಆ ಪದವನ್ನು ಅವಳು ಹುಟ್ಟಿದಾಗಿನಿಂದ ಕೇಳುತ್ತಿದ್ದಳು, ಒಂದು ಸಲವೂ ನಂಬಿರಲಿಲ್ಲ.

ಮೆಷೀನು ತಂದವನು ಗುಲಾಮ್ ನಬಿ. ತುಮಕೂರಿನ ಶಿರಾ ಗೇಟ್ ಹತ್ತಿರ ಅವನದೊಂದು ಅಂಗಡಿ; ರೋಗಿಗಳ ಮಂಚ, ವೀಲ್‌ಚೇರು, ಸಿಲಿಂಡರು, ಗಾಳಿಯಿಂದ ಆಕ್ಸಿಜನ್ ತೆಗೆಯುವ ಮೆಷೀನು, ಇವನ್ನೆಲ್ಲ ಬಾಡಿಗೆಗೆ ಕೊಡುತ್ತಿದ್ದ. ಸಣ್ಣ ಬೀರುವಿನಷ್ಟಿದ್ದ ಮೆಷೀನನ್ನು ನಡುಮನೆಯ ಮೂಲೆಗೆ ತಳ್ಳಿ ಸ್ವಿಚ್ಚು ಒತ್ತಿದ. ಗುರ್ರ್ ಎಂದಿತು. ಪಕ್ಕದ ಬಾಟಲಿಯಲ್ಲಿ ನೀರು ಬುಳುಬುಳು ಎಂದು ಗುಳ್ಳೆ ಬಿಟ್ಟಿತು. ಮಂಚದ ಮೇಲಿದ್ದ ಮಹಾದೇವಯ್ಯ ಕಣ್ಣರಳಿಸಿದರು.

“ಗಂಗಾ, ಮಿಲ್ಲು... ವಾಪಸ್ ಬಂತು ಕಣೇ.”

ನಬಿ ಉದ್ದದ ಪೈಪಿನ ತುದಿಯಲ್ಲಿದ್ದ ಎರಡು ಸಣ್ಣ ಕೊಳವೆಗಳನ್ನು ಅವರ ಮೂಗಿನ ಹೊಳ್ಳೆಗಳಿಗೆ ಸಿಕ್ಕಿಸಿ, ಪೈಪನ್ನು ಕಿವಿಯ ಹಿಂದೆ ಹಾಯಿಸಿ ಗಲ್ಲದ ಕೆಳಗೆ ಬಿಗಿದ.

“ನಿಂಗೆ ಒಂದೇ ಮೂಗುತಿ,” ಎಂದರು ಮಹಾದೇವಯ್ಯ ಉಸಿರು ಹಿಡಿದು ಹಿಡಿದು. “ನಂಗೆ... ಎರಡು. ಹೊಟ್ಟೆಕಿಚ್ಚು ಪಟ್ಕೋಬೇಡ.”

ಮೆಷೀನಿನ ಮುಂದೆ ಒಂದು ಗಾಜಿನ ನಳಿಗೆ ಇತ್ತು, ಒಳಗೊಂದು ಪುಟ್ಟ ಚೆಂಡು. ಕೆಳಗಿನ ತಿರುಪು ತಿರುಗಿಸಿದರೆ ಚೆಂಡು ಏಳುತ್ತಿತ್ತು, ಒಂದು, ಎರಡು, ಐದರವರೆಗೆ. ನಬಿ ಅದನ್ನು ಎರಡಕ್ಕೆ ನಿಲ್ಲಿಸಿ, “ಅಮ್ಮ, ಒಂದು ಹಣೆ ಬೊಟ್ಟು ಇದ್ರೆ ಕೊಡಿ” ಎಂದು ಕೇಳಿ, ಸ್ಟಿಕ್ಕರನ್ನು ಎರಡರ ಗೆರೆಯ ಪಕ್ಕ ಅಂಟಿಸಿದ.

“ಚೆಂಡು ಈ ಬೊಟ್ಟು ದಾಟ್ಬಾರ್ದು. ಡಾಕ್ಟ್ರು ಬರೆದಿರೋದೇ ಇಷ್ಟು.”

“ದಾಟಿದ್ರೆ ಏನಾಗುತ್ತೆ ಸಾಬ್ರೇ?”

ನಬಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಮೆಷೀನು ನೋಡಲು ನೆರೆದಿದ್ದ ನೆರೆಹೊರೆಯವರ ಮಂಕು ಕವಿದ ಮುಖಗಳನ್ನು ನಗಿಸೋಣ ಎಂದುಕೊಂಡ. “ನಮ್ ಮೆಷೀನ್‌ಗೂ ವಯಸ್ಸಾಗಿದೆ ಅಮ್ಮ. ಜಾಸ್ತಿ ದುಡಿಸಿದ್ರೆ ಅದಕ್ಕೂ ಸುಸ್ತಾಗುತ್ತೆ!”

ಎಲ್ಲರೂ ನಕ್ಕರು. ಗಂಗಾಂಬಿಕೆಯೂ ನಕ್ಕಳು. ನಕ್ಕವಳು ಅವನನ್ನು ಬಿಡಲಿಲ್ಲ, ಕೂರಿಸಿ ಬಡಿಸಿದಳು. ನಬಿ ಮೊದಲ ಒಬ್ಬಟ್ಟಿಗೇ ಸಾಕು ಎಂದ, ಮೂರನೆಯದಕ್ಕೆ ಕೈ ಮುಗಿದ, ಐದನೆಯದಕ್ಕೆ ಅಲ್ಲಾನನ್ನು ಕರೆದ, ಆರನೆಯದಕ್ಕೆ ಮಂಚದ ಕಡೆ ನೋಡಿ, “ಯಜಮಾನ್ರೇ, ನೀವಾದ್ರೂ ಹೇಳಿ” ಎಂದ.

“ನಂಗೆ ಮೂಗಲ್ಲಿ ಪೈಪಿದೆಯಪ್ಪ,” ಎಂದರು ಮಹಾದೇವಯ್ಯ. “ನಿನ್ನ... ದೇವ್ರೇ ಕಾಪಾಡ್ಬೇಕು. ಮುಂದಿನ ಸಲ ಹಸ್ಕೊಂಡ್ ಬಾ. ಕೂತ ತಕ್ಷಣ ಸಾಕು ಅನ್ನು. ಆಗ ಲೆಕ್ಕ ಸರಿ ಹೋಗುತ್ತೆ.”

ನಬಿ ಹೊರಟಾಗ ಅವನ ಲಗೇಜು ಆಟೋ ಬರುವಾಗ ಹೊತ್ತದ್ದಕ್ಕಿಂತ ಹೆಚ್ಚು ಭಾರ ಹೊತ್ತುಕೊಂಡು ಹೋಯಿತು, ಮೆಷೀನು ಇಳಿಸಿದ್ದರೂ.

ಗಂಗಾಂಬಿಕೆಯ ಮನಸ್ಸಿನಲ್ಲಿ ಮಾತ್ರ ಆ ತಮಾಷೆ ಕೂತುಬಿಟ್ಟಿತು. ಮೆಷೀನಿಗೆ ಸುಸ್ತಾಗುತ್ತದೆ. ಹಾಗಾದರೆ ಆ ಬೊಟ್ಟು ಇರುವುದು ಮೆಷೀನಿಗೋಸ್ಕರ, ಮನುಷ್ಯನಿಗೋಸ್ಕರ ಅಲ್ಲ.

ಆದರೂ ಕೆಲವು ವಾರ ಆಕೆ ತಿರುಪು ಮುಟ್ಟಲಿಲ್ಲ. ಚೆಂಡು ಬೊಟ್ಟಿನ ಎದುರು ಎಳೆಗೂಸಿನ ಹಾಗೆ ತೂಗಾಡುತ್ತಿತ್ತು. ನೋವು ಬೇರೆ ಕಡೆಯಿಂದ ಬಂತು. ಮಹಾದೇವಯ್ಯ ಉಣ್ಣುವುದನ್ನು ಬಿಟ್ಟರು. ಅಗಿಯುವುದಕ್ಕೂ ಉಸಿರು ಬೇಕು, ನುಂಗುವುದಕ್ಕೂ ಉಸಿರು ಬೇಕು. ಎರಡಕ್ಕೂ ಸಾಲುವಷ್ಟು ಅವರಲ್ಲಿ ಇರಲಿಲ್ಲ. ನಾಲ್ಕು ಚಮಚ ಗಂಜಿಗೆ ತುಟಿ ಮುಚ್ಚುತ್ತಿದ್ದರು. ಎಲೆಯೂ ಇಲ್ಲ, ಅದರ ಮೇಲೆ ಹರಡುವ ಕೈಗಳೂ ಇಲ್ಲ, ಬರೀ ಮುಚ್ಚಿದ ತುಟಿ. ಇಡೀ ತಾಲೂಕಿಗೆ ಬಡಿಸಿದ ಹೆಂಗಸು ಒಂದು ಬಟ್ಟಲು ಗಂಜಿ ಹಿಡಿದು ಗಂಡನ ಮುಂದೆ ಕೂತು, ಅದು ಕೆನೆಗಟ್ಟುವುದನ್ನು ನೋಡುತ್ತಿದ್ದಳು. ಅಡುಗೆಮನೆಗೆ ಹೋಗಿ ಒಬ್ಬಳೇ ಒಲೆಯ ಮುಂದೆ ನಿಂತು, ಬೇಡದ ಸಾರನ್ನು ಕುದಿಸುತ್ತಿದ್ದಳು.

ಅವರ ದೇಹಕ್ಕೆ ಹೋಗುತ್ತಿದ್ದುದು ಈಗ ಒಂದೇ, ಆ ಪೈಪಿನ ಗಾಳಿ. ಅದರ ಅಳತೆಯೂ ಬೇರೆಯವರ ಕೈಯಲ್ಲಿ.

ನೋಡಲು ಬಂದವರು ಸುಮ್ಮನಿರುತ್ತಾರೆಯೇ? ನಮ್ಮ ಕಡೆ ರೋಗಿಯನ್ನು ನೋಡಲು ಬರುವುದೆಂದರೆ ಎಳನೀರು, ಸೇಬು, ಬಿಸ್ಕತ್ತು ಪೊಟ್ಟಣದ ಜೊತೆಗೆ ಒಂದೊಂದು ತೀರ್ಪನ್ನೂ ತರಬೇಕು. “ಸೊರಗೋಗ್ಬುಟ್ಟವ್ರೆ” ಎಂದಳು ಒಬ್ಬಳು. “ಗಾಳಿ ಸಾಲ್ತಾ ಇಲ್ಲ ಕಣಕ್ಕ” ಎಂದಳು ಇನ್ನೊಬ್ಬಳು. ಕೊನೆಗೆ ಬಂದವನು ಕುಣಿಗಲ್‌ನಿಂದ ತಮ್ಮ ಚನ್ನೇಶ್. ಮಾರ್ಕೋನಹಳ್ಳಿ ಅಣೆಕಟ್ಟಿನ ನೀರಿನಲ್ಲಿ ಬೆಳೆದ ಹೊಸ ಅಕ್ಕಿಯ ಮೂಟೆಯನ್ನು ಕಾರಿನಿಂದ ಇಳಿಸಿ, ಭಾವನ ಕಾಲ ಬಳಿ ಕೂತು, ಅವರ ಎದೆಗೂಡು ಏರಿಳಿಯುವುದನ್ನು ನೋಡಿದ. ಆಮೇಲೆ ಮೆಷೀನಿನ ಕಡೆ ನೋಡಿದ.

“ಏನಕ್ಕಾ ಇದು? ಐದರವರ್ಗೂ ಐತೆ, ಎರಡಕ್ಕೇ ನಿಲ್ಸಿದೀಯ?”

“ಅಷ್ಟೇ ಸಾಕು ಅಂತ ಅಂದವ್ರೆ ಕಣೋ.”

“ನೀನು?” ಚನ್ನೇಶ್ ನಿಜವಾಗಿಯೂ ಬೆರಗಾಗಿದ್ದ. “ನೀನು ಸಾಕು ಅಂದಿದ್ನ ಕೇಳಿದಾ? ನನ್ ಮದ್ವೇಲಿ ಬೀಗ್ರಿಗೆ ಉಣ್ಣಿಸಿ ಉಣ್ಣಿಸಿ ಒಬ್ರನ್ನ ಗ್ಲೂಕೋಸ್‌ಗೆ ಹಾಕ್ಸಿದೋಳು ನೀನು. ಗಾಳಿ ತಾನೆ ಅಕ್ಕ? ಊರೆಲ್ಲಾ ಪುಕ್ಕಟೆ ಬಿದ್ದೈತೆ. ಭಾವಂಗೆ ಅಳೆದು ಕೊಡ್ತೀಯಾ?”

ಹೇಳಿ ಅವನು ಮುಖ ತೊಳೆಯಲು ಹೋದ. ಆ ಮಾತು ಹೋಗಲಿಲ್ಲ. ಗಂಗಾಂಬಿಕೆ ಮೆಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮನುಷ್ಯನಿಗಿಂತ ಮೆಷೀನು ಹೆಚ್ಚೇ? ಸುಸ್ತಾಗುವುದಿದ್ದರೆ ಆಗಲಿ. ತಿರುಪನ್ನು ಹಿಡಿದು, ತುಪ್ಪದ ಮಿಳ್ಳೆ ಬಗ್ಗಿಸುವಷ್ಟೇ ನಾಜೂಕಾಗಿ ತಿರುಗಿಸಿದಳು. ಚೆಂಡು ಬೊಟ್ಟು ದಾಟಿ ಮೂರರಲ್ಲಿ ನಿಂತಿತು.

ಏನೂ ಆಗಲಿಲ್ಲ. ಆಗಿದ್ದೆಲ್ಲ ಒಳ್ಳೆಯದೇ. ಸ್ವಲ್ಪ ಹೊತ್ತಿಗೆ ಎದೆಯ ಏದುಸಿರು ಇಳಿಯಿತು. ಮರುದಿನ ಬೆಳಿಗ್ಗೆ ಮಹಾದೇವಯ್ಯ ತಲೆನೋವು ಎಂದರು, ಅಮೃತಾಂಜನ ಹಚ್ಚಿದಳು. ಕೆನ್ನೆಯಲ್ಲಿ ಕೆಂಪು ಬಂದಿತ್ತು, ಕೈ ಬೆಚ್ಚಗಿತ್ತು. “ನೋಡೋ, ಭಾವಂಗೆ ಕಳೆ ಬಂತು” ಎಂದಳು ತಮ್ಮನಿಗೆ. ಚೆಂಡನ್ನು ನಾಲ್ಕಕ್ಕೆ ಏರಿಸಿದಳು. ಆ ಬೆಳಿಗ್ಗೆ ಆಕೆ ಅಡುಗೆ ಮಾಡುತ್ತಾ ಹಾಡು ಗುನುಗಿದಳು. ಅಷ್ಟೂ ವಾರ ಆ ಮನೆಯಲ್ಲಿ ಮೆಷೀನೊಂದೇ ಗುನುಗುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಮಹಾದೇವಯ್ಯನಿಗೆ ನಿದ್ದೆ ಹತ್ತಿತು. ಎರಡು ವರ್ಷದಿಂದ ದಿಂಬಿಗೆ ಒರಗಿ, ಕೂತೇ ತೂಕಡಿಸುತ್ತಿದ್ದ ಮನುಷ್ಯ, ಕತ್ತು ಚೆಲ್ಲಿ ಮಗುವಿನ ಹಾಗೆ ಮಲಗಿದ್ದ. ಗಂಗಾಂಬಿಕೆ ಬಂದವರನ್ನೆಲ್ಲ ಬಾಗಿಲಲ್ಲೇ ತಡೆದಳು. “ಶ್... ನಿದ್ದೆ ಮಾಡ್ತಾವ್ರೆ. ಮಾತಾಡ್ಬೇಡಿ.” ತಮ್ಮನ ಚಪ್ಪಲಿ ಸದ್ದಿಗೂ ಬೈದಳು.

ನಡುವೆ ಒಂದು ಸಲ ಅವರು ಅರ್ಧ ಕಣ್ಣು ತೆರೆದರು. ಏನೋ ಅಂದರು, ತಿಳಿಯಲಿಲ್ಲ. ಎರಡೂ ಕೈಗಳನ್ನು ಎದೆಯ ಮುಂದಕ್ಕೆ ಎತ್ತಿದರು. ಅಂಗೈಗಳು ಮಣಿಕಟ್ಟಿನಿಂದ ಪಟಪಟನೆ ಬಡಿದುಕೊಂಡವು, ಬಿದ್ದವು, ಮತ್ತೆ ಎದ್ದು ಬಡಿದುಕೊಂಡವು.

ಬೇಡ ಬೇಡ, ಸಾಕು ಸಾಕು.

ಎಡಗೈ ಮೇಲಿನ ಆ ಕಲೆ ಕಂಡು ಗಂಗಾಂಬಿಕೆಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. ಎಲೆಯ ಮೇಲೆ ಹರಡುತ್ತಿದ್ದ ಅದೇ ಕೈಗಳು. ನನ್ನ ಗಂಡ ವಾಪಸ್ ಬಂದ ಎಂದುಕೊಂಡಳು.

“ನಿಮ್ ನಾಟಕ ನಂಗ್ ಗೊತ್ತಿಲ್ವಾ ಸುಮ್ನಿರಿ,” ಎಂದಳು. “ಇದೊಂದು. ಇದೊಂದು ಹಾಕಿಸ್ಕೊಳ್ಳಿ.”

ಚೆಂಡು ಐದಕ್ಕೆ ಏರಿತು.

ಸಂಜೆಗೆ ಗಂಜಿ ತಂದು ಎಬ್ಬಿಸಿದರೆ ಅವರು ಏಳಲಿಲ್ಲ. ಕೆನ್ನೆ ತಟ್ಟಿದಳು, ಅಂಗಾಲು ತಿಕ್ಕಿದಳು, ಹೆಸರು ಹಿಡಿದು ಕರೆದಳು. ಮದುವೆಯಾದಾಗಿನಿಂದ ಗಂಡನ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಚನ್ನೇಶ್ ಭಾವನನ್ನು ಎತ್ತಿ ಕಾರಿನಲ್ಲಿ ಮಲಗಿಸಿ, ಕರೆಂಟು ಹೋದರೆ ಬೇಕಾದೀತೆಂದು ನಬಿ ಇಟ್ಟುಹೋಗಿದ್ದ ಸಣ್ಣ ಸಿಲಿಂಡರನ್ನು ಅಕ್ಕನ ಕಾಲ ಬಳಿ ಇಟ್ಟು, ತುಮಕೂರಿಗೆ ಗಾಡಿ ಓಡಿಸಿದ. ಆ ರಸ್ತೆ ಅಂದು ಯಾರೋ ಹಿಡಿದೆಳೆದಂತೆ ಉದ್ದವಾಗುತ್ತಲೇ ಹೋಯಿತು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ. ಮೂಗಿನ ಪೈಪು ತೆಗೆಸಿ, ಮುಖಕ್ಕೆ ಬಿಗಿಯಾದ ಮಾಸ್ಕೊಂದನ್ನು ಪಟ್ಟಿಗಳಿಂದ ಕಟ್ಟಿಸಿದರು. ಅದರ ಮೆಷೀನು ಉಸಿರನ್ನು ಒಳಕ್ಕೆ ತಳ್ಳುತ್ತಿತ್ತು, ಎದೆ ತನ್ನದಲ್ಲದ ತಾಳಕ್ಕೆ ಏಳುತ್ತಿತ್ತು. ಆಮೇಲೆ ಹೊರಗೆ ಬಂದು ಕೇಳಿದರು.

“ಮನೇಲಿ ಎಷ್ಟಕ್ಕೆ ಇಟ್ಟಿದ್ರಿ?”

“ಎರಡಕ್ಕೇ ಡಾಕ್ಟ್ರೇ,” ಎಂದ ಚನ್ನೇಶ್, ಅಕ್ಕನ ಮುಖ ನೋಡಿ, ತಕ್ಷಣ.

“ಐದು,” ಎಂದಳು ಗಂಗಾಂಬಿಕೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕೈ ಎತ್ತಿದಾಗ ಹೀಗೆ ಬಡ್ಕೊಳ್ತಾ ಇದ್ವಾ?” ಎಂದು ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ಪಟಪಟ ಆಡಿಸಿ ತೋರಿಸಿದರು. ಗಂಗಾಂಬಿಕೆ ಆ ಕೈಗಳನ್ನೇ ನೋಡಿದಳು.

“ಇಂಥ ಶ್ವಾಸಕೋಶ ಎಷ್ಟೋ ವರ್ಷದಿಂದ ಕಮ್ಮಿ ಆಕ್ಸಿಜನ್‌ಗೇ ಒಗ್ಗಿರುತ್ತಮ್ಮ. ಒಮ್ಮೆಲೇ ಜಾಸ್ತಿ ಕೊಟ್ರೆ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದೆ ರಕ್ತದಲ್ಲೇ ನಿಲ್ಲುತ್ತೆ. ಮೊದಲು ತಲೆನೋವು, ಆಮೇಲೆ ಕೈ ಹಾಗೆ ಬಡಿಯುತ್ತೆ, ಆಮೇಲೆ ಮಂಪರು. ನೋಡೋರಿಗೆ ಒಳ್ಳೇ ನಿದ್ದೆ ಥರಾನೇ ಕಾಣುತ್ತೆ.” ಗಂಗಾಂಬಿಕೆಯ ಮುಖ ನೋಡಿ ಮತ್ತೆ ಹೇಳಿದರು: “ಅವ್ರದ್ದು ಮೊದಲೇ ತುಂಬಾ ಹಾಳಾಗಿತ್ತು. ನಿಮ್ಮಿಂದಾನೇ ಅಂತ ಅಂದ್ಕೋಬೇಡಿ.”

ಸಮಾಧಾನದ ಮಾತು. ಮರ್ಯಾದೆಗೆ ಆಡುವ ಮಾತು ಯಾವುದು, ನಿಜ ಯಾವುದು ಎಂದು ಗುರುತಿಸುವುದರಲ್ಲಿ ಗಂಗಾಂಬಿಕೆಯಷ್ಟು ಪಳಗಿದವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಹಾಗೆಂದೇ ಅವಳು ತಿಳಿದುಕೊಂಡಿದ್ದಳು.

ಮಹಾದೇವಯ್ಯ ಆ ವಾರ ದಾಟಲಿಲ್ಲ. ಕಡೆಯ ಸಲ ಒಳಗೆ ಬಿಟ್ಟಾಗ ಅವರ ಕೈಗಳು ಹಾಸಿಗೆಯ ಮೇಲೆ ಅಲ್ಲಾಡದೆ ಬಿದ್ದಿದ್ದವು. ಗಂಗಾಂಬಿಕೆ ಎಡಗೈಯ ಕಲೆಯ ಮೇಲೆ ತನ್ನ ಹೆಬ್ಬೆರಳಿಟ್ಟುಕೊಂಡು ಕೂತಿದ್ದಳು. ಪಾಯಸ ಬಿದ್ದ ದಿನವೂ ಆ ಕೈ ನಿಜವನ್ನೇ ಹೇಳಿತ್ತು. ಸಾಕು ಎಂದಿತ್ತು.

ಶಿವಗಣಾರಾಧನೆಯ ದಿನ ಊರೆಲ್ಲ ಉಂಡಿತು. ಬಾಡಿಗೆ ಹುಡುಗರು ಬಕೆಟ್ಟು ಹಿಡಿದು ಓಡಾಡಿ ಬಡಿಸಿದರು. ಗಂಗಾಂಬಿಕೆ ಪಂಕ್ತಿಯ ಕಡೆ ಬರಲಿಲ್ಲ, ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಉಂಡವರೆಲ್ಲ ಹಗುರಾಗಿ ಎದ್ದು ಕೈ ತೊಳೆದು, ಏನೋ ಕಡಿಮೆಯಾಯಿತು ಎಂದು ಗೊತ್ತಾಗಿಯೂ ಏನೆಂದು ಹೇಳಲಾಗದೆ ಹೋದರು.

ಅದಾದ ಮೇಲೆ ಒಂದು ಮಧ್ಯಾಹ್ನ ಗುಲಾಮ್ ನಬಿ ಮೆಷೀನು ಒಯ್ಯಲು ಬಂದ. ಆಗಿದ್ದೆಲ್ಲವನ್ನೂ ಚನ್ನೇಶ್ ಫೋನಿನಲ್ಲಿ ಹೇಳಿದ್ದ. ನಬಿ ತಲೆ ತಗ್ಗಿಸಿಕೊಂಡೇ ಪೈಪು ಸುತ್ತಿದ, ಬಾಟಲಿಯ ನೀರು ಚೆಲ್ಲಿದ. ಗಾಜಿನ ನಳಿಗೆಯ ಪಕ್ಕ ಬೊಟ್ಟು ಇನ್ನೂ ಅಂಟಿಕೊಂಡೇ ಇತ್ತು. ಕೀಳಲು ಉಗುರು ಹಾಕಿದವನು ಹಾಗೇ ಬಿಟ್ಟ.

“ಸಾಬ್ರೇ,” ಎಂದಳು ಗಂಗಾಂಬಿಕೆ ಹಿಂದಿನಿಂದ. “ಮೆಷೀನ್‌ಗೆ ಸುಸ್ತಾಗಿದೆಯಾ ನೋಡಿ. ಜಾಸ್ತಿ ದುಡಿಸ್ಬಿಟ್ಟೆ.”

ನಬಿ ಪೈಪಿನ ಸುರುಳಿಗೆ ಗಂಟು ಹಾಕಿದ. ತಿರುಗಿ ನೋಡಲಿಲ್ಲ. “ಇಲ್ಲಮ್ಮ,” ಎಂದ. “ಚೆನ್ನಾಗೇ ಇದೆ.”

“ಊಟದ ಹೊತ್ತು. ಕೂತ್ಕೊಳ್ಳಿ.”

ಅವನು ಬೇಡವೆನ್ನಲಿಲ್ಲ. ಈ ಮನೆಯ ರೀತಿ ಗೊತ್ತಿತ್ತು. ಯಜಮಾನರು ಹೇಳಿಕೊಟ್ಟಿದ್ದಂತೆ ಬೆಳಗಿನಿಂದ ಏನೂ ತಿನ್ನದೆ ಹಸಿದುಕೊಂಡೇ ಬಂದಿದ್ದ. ಇಂದು ಆಕೆ ಹತ್ತು ಹಾಕಿದರೂ ತಿನ್ನುತ್ತೇನೆ, ಅಷ್ಟಾದರೂ ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದ. ಗಂಗಾಂಬಿಕೆ ತಟ್ಟೆ ಇಟ್ಟು, ಚಿತ್ರಾನ್ನದ ಪಾತ್ರೆ ತಂದು ಬಗ್ಗಿ, ಒಂದು ಸೌಟು ಹಾಕಿದಳು. ಎರಡನೆಯದನ್ನು ಎತ್ತಿದಳು.

“ಸಾಕಮ್ಮ,” ಎಂದ ನಬಿ, ಲೆಕ್ಕ ಸರಿಹೋಗಲಿ ಎಂದು, ಸ್ವಲ್ಪ ನಗುತ್ತಾ.

ಸೌಟು ಅಲ್ಲೇ ನಿಂತಿತು. ಅವನ ತಟ್ಟೆಗೂ ಅವಳ ಪಾತ್ರೆಗೂ ನಡುವೆ, ಗಾಳಿಯಲ್ಲಿ, ಒಂದು ಕ್ಷಣ. ಆಮೇಲೆ ಗಂಗಾಂಬಿಕೆ ಅದನ್ನು ಪಾತ್ರೆಗೆ ಮರಳಿ ಸುರಿದಳು. ಮುಚ್ಚಳ ಮುಚ್ಚಿದಳು. ಒಳಗೆ ಹೋದಳು.

ನಬಿ ಕಾಯ್ದ. ತುಪ್ಪ ತರಲು ಹೋಗಿರಬೇಕು ಎಂದುಕೊಂಡ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ತಟ್ಟೆಯಲ್ಲಿದ್ದಷ್ಟನ್ನು ತಿಂದು, ಕೈ ತೊಳೆದು, ಹಸಿದ ಹೊಟ್ಟೆಯಲ್ಲೇ ಎದ್ದ. ಗೋಡೆ ಹಿಡಿಯುವ ಅಗತ್ಯವೂ ಬೀಳಲಿಲ್ಲ. ಗಂಗಾಂಬಿಕೆ ಬಡಿಸಿದ್ದನ್ನು ಉಂಡು ತನ್ನ ಕಾಲ ಮೇಲೆ ತಾನೇ ಎದ್ದುಹೋದ ಮೊದಲ ಮನುಷ್ಯ ಅವನು.